ಓಂಕಾರಪ್ಪನ ಬಲಮಂಡಿಯ ಎಣ್ಣೆ

ನನ್ನ ತಂಗಿಯ ಗಂಡ ಓಂಕಾರಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದನ್ನು ಓದಿದವರು ಬೇರೆ ತೀರ್ಮಾನಕ್ಕೆ ಬರುವ ಸಂಭವವಿದೆ. ಅರವತ್ತಮೂರು ವರ್ಷದಲ್ಲಿ ಆತ ಹೇಳಿದ್ದು ಒಂದೇ ಒಂದು ಸುಳ್ಳು. ಅಭ್ಯಾಸವಿಲ್ಲದ ಕೆಲಸವಾದ್ದರಿಂದ ಅದು ಕೈಮೀರಿ ಹೋಯಿತು, ಅಷ್ಟೆ.

ಓಂಕಾರಪ್ಪ ಕೆ.ಜಿ.ಎಫ್.ನ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಫಿಟ್ಟರಾಗಿದ್ದವನು. ಬುಲ್ಡೋಜರುಗಳಿಗೆ ತೋಳಿನಷ್ಟು ದಪ್ಪದ ಎಣ್ಣೆ ಪೈಪುಗಳನ್ನು ಜೋಡಿಸುವುದು ಆತನ ಕೆಲಸ. ನಿವೃತ್ತನಾದ ಮೇಲೆ ಕೈ ಸುಮ್ಮನಿರಲಿಲ್ಲ. ಕೊಯಮತ್ತೂರಿನ ಕಡೆಯಿಂದ ಏಳು ಮರದ ಪೆಟ್ಟಿಗೆಗಳಲ್ಲಿ ಒಂದು ಕಾರು ತರಿಸಿದ. ಕಾರು ಎಂದರೆ ಕಾರಿನ ಬಿಡಿಭಾಗಗಳು. ತರಿಸಿಕೊಂಡವರೇ ಕೂತು ಜೋಡಿಸಿಕೊಳ್ಳಬೇಕು. ಇಂಜಿನ್ ಮಾತ್ರ ಯಾವುದೋ ಹಳೆಯ ಕಾರಿನದು. ಜೊತೆಗೆ ಇನ್ನೂರ ಹತ್ತು ಪುಟದ ಇಂಗ್ಲಿಷ್ ಪುಸ್ತಕ. ಓಂಕಾರಪ್ಪನಿಗೆ ಇಂಗ್ಲಿಷ್ ಅಕ್ಷರ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಆದ್ದರಿಂದ ನನ್ನ ತಂಗಿ ಉಮಾಮಹೇಶ್ವರಿ ಪ್ರತಿ ಸಂಜೆ ಶೆಡ್ಡಿನಲ್ಲಿ ಮೊರದ ಮುಂದೆ ಕೂತು, ಅವರೆಕಾಯಿ ಸುಲಿಯುತ್ತಾ, ಪುಸ್ತಕ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಆತ ಅದರಂತೆ ಬಿಗಿಯುತ್ತಿದ್ದ. ಮೂರು ವರ್ಷ ಹೀಗೆ ನಡೆಯಿತು. ನೂರ ತೊಂಬತ್ತೆಂಟನೆಯ ಪುಟಕ್ಕೆ ಬಂದಾಗ ಭಗವಂತ ಅವಳನ್ನು ಕರೆದುಕೊಂಡ. ಹೋದ ಮಾಘಕ್ಕೆ ವರ್ಷ ತುಂಬಿತು.

ಉಳಿದ ಹನ್ನೆರಡು ಪುಟದ ಕೆಲಸವನ್ನು ಓಂಕಾರಪ್ಪ ಪುಸ್ತಕ ತೆರೆಯದೆಯೇ ಮುಗಿಸಿದ.

"ಮೂವತ್ತಾರು ವರ್ಷದ ಸರ್ವೀಸು ಭಾವ. ನಾಲ್ಕು ಮೀಟರ್ ಕೂರಿಸೋಕೆ ಪುಸ್ತಕ ಬೇಕಾ?" ಎಂದ.

ಮುಂದಿನದಕ್ಕೆಲ್ಲ ಈ ಮಾತೇ ಮೂಲ.

ಕಾರು ಸಿದ್ಧವಾಯಿತು. ಹಳದಿ ಬಣ್ಣ, ಇಬ್ಬರಿಗೆ ಜಾಗ, ಮೇಲೆ ಸೂರಿಲ್ಲ, ಮೂತಿ ಬಹಳ ಉದ್ದ. ಪಕ್ಕದ ಮನೆಯ ಮಾರಿಯಮ್ಮ ಅದನ್ನು ಮೊದಲ ಸಲ ನೋಡಿದಾಗ, "ಚೆನ್ನಾಗದೆ ಸಾಮಿ. ಮಿಕ್ಕಿದ್ದು ಯಾವಾಗ ಬರ್ತದೆ?" ಎಂದು ಕೇಳಿದ್ದಳು. ಕಾಗದಪತ್ರಗಳ ಚಿಂತೆಯಿರಲಿಲ್ಲ, ಉಮಾ ಬದುಕಿದ್ದಾಗಲೇ ಪತ್ರದ ಮೇಲೆ ಪತ್ರ ಬರೆದು ಕಚೇರಿಯವರನ್ನು ಸುಸ್ತು ಮಾಡಿ ಅದನ್ನೆಲ್ಲ ಮುಗಿಸಿದ್ದಳು. ಅವಳು ಹಾಕಿದ್ದ ಷರತ್ತು ಒಂದೇ. ಮೊದಲ ಸವಾರಿ ಬಂಗಾರಪೇಟೆಯ ಅಣ್ಣನ ಮನೆಗೆ ಹೋಗಬೇಕು. ಅಣ್ಣನೆಂದರೆ ನಾನು, ನಿವೃತ್ತ ಪ್ರಾಥಮಿಕ ಶಾಲೆಯ ಮೇಷ್ಟ್ರು ಅಶ್ವತ್ಥಪ್ಪ. ಮೂವತ್ತು ವರ್ಷ ತವರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದವಳು. ಒಂದು ಸಲ ಕೂತು ಬರುವ ಆಸೆ ಇತ್ತು.

ಶುಕ್ರವಾರ ಕಾರಿಗೆ ಪೂಜೆ. ನಾನು ಬಂಗಾರಪೇಟೆಯಿಂದ ಬಿಲ್ವಪತ್ರೆ, ಕುಂಕುಮ, ನಾಲ್ಕು ನಿಂಬೆಹಣ್ಣು ತೆಗೆದುಕೊಂಡು ಹೋಗಿದ್ದೆ. ಮಂಗಳಾರತಿಯ ಹೊತ್ತಿಗೆ ಉರಿಗಾಂನ ಗುಜರಿ ವ್ಯಾಪಾರಿ ವಿಜಯಕುಮಾರ್ ಗೇಟಿನ ಹತ್ತಿರ ಬಂದು ನಿಂತ. ಅವನಿಗೆ ಬೇಕಾಗಿದ್ದದ್ದು ಖಾಲಿ ಮರದ ಪೆಟ್ಟಿಗೆಗಳು.

"ಪೆಟ್ಟಿಗೆ ಈಗ ಕೊಡಿ ಸಾರ್," ಎಂದ. "ವಂಡಿ ಹೆಂಗೂ ಆಮೇಲೆ ನಮ್ಮ ಅಂಗಡಿಗೇ ಬರ್ತದೆ."

"ಯಾಕೆ ಬರತ್ತೆ?" ಎಂದ ಓಂಕಾರಪ್ಪ.

"ಮನೇಲಿ ಮಾಡಿದ ವಂಡಿ ಎಲ್ಲಾ ಎಣ್ಣೆ ಸೋರ್ತದೆ ಸಾರ್. ನಾನು ನೋಡದೇ ಇರೋದಾ?"

ಓಂಕಾರಪ್ಪನನ್ನು ಯಾರು ಏನು ಬೇಕಾದರೂ ಅನ್ನಬಹುದು. ದಡ್ಡ ಎನ್ನಬಹುದು, ಬೋಳುತಲೆ ಎನ್ನಬಹುದು. ಎಣ್ಣೆ ಸೋರುತ್ತದೆ ಎನ್ನಬಾರದು. ಆತ ನೇರ ಬಂದು, ನನ್ನ ಕೈಯ ತಟ್ಟೆಯಲ್ಲಿ ಉರಿಯುತ್ತಿದ್ದ ಕರ್ಪೂರದ ಮೇಲೆ ಅಂಗೈ ಚಾಚಿದ.

"ಇವತ್ತಿಗೆ ಹನ್ನೊಂದನೇ ದಿನ, ಸೋಮವಾರ, ಈ ಕಾರು ಬಂಗಾರಪೇಟೆಗೆ ಹೋಗತ್ತೆ. ಅಲ್ಲಿ ಹೋಗಿ ನಿಂತು ತಣ್ಣಗಾಗೋದ್ರೊಳಗೆ ಇಂಜಿನ್ನಿನ ಒಂದೇ ಒಂದು ತೊಟ್ಟು ಎಣ್ಣೆ ನೆಲಕ್ಕೆ ಬಿದ್ರೂ ಕಾರು ನಿಂದು. ಬಂದು ಎತ್ಕೊಂಡು ಹೋಗು. ಈ ಕರ್ಪೂರದಾಣೆ."

ಬೀದಿಯ ಅರ್ಧ ಜನ ಅಲ್ಲಿದ್ದರು. ಉರಿಯುವ ಕರ್ಪೂರದ ಮೇಲೆ ಇಟ್ಟ ಆಣೆಯನ್ನು ಹಿಂದೆ ತೆಗೆದುಕೊಳ್ಳುವಂತಿಲ್ಲ. ತಟ್ಟೆ ಹಿಡಿದವನು ನಾನಾದ್ದರಿಂದ ನಾನೂ ಸಾಕ್ಷಿಯಾಗಿ ಸಿಕ್ಕಿಕೊಂಡೆ. ವಿಜಯಕುಮಾರ್ ಮಾತ್ರ ಸಂತೋಷದಿಂದ ಮಂಗಳಾರತಿ ತೆಗೆದುಕೊಂಡು, ಎರಡು ಬಾಳೆಹಣ್ಣು ಕೇಳಿ ಪಡೆದು ಹೋದ.

ಮಾರನೆಯ ಸಂಜೆ ಓಂಕಾರಪ್ಪ ಒಬ್ಬನೇ ಶೆಡ್ಡಿನಲ್ಲಿ ಕಾರಿನೊಳಗೆ ಕೂತು ಇಂಜಿನ್ ಚಾಲೂ ಮಾಡಿದ. ಸ್ಟೀರಿಂಗಿನ ಮುಂದೆ ಎಣ್ಣೆಯ ಒತ್ತಡ ತೋರಿಸುವ ಮೀಟರೊಂದಿದೆ. ಇಂಜಿನ್ನಿನಿಂದ ಊದಿನಕಡ್ಡಿಗಿಂತ ಸ್ವಲ್ಪ ದಪ್ಪದ ತಾಮ್ರದ ಪೈಪು ಅದರ ಬೆನ್ನಿಗೆ ಬಂದು ಸೇರುತ್ತದೆ. ಆ ಪೈಪಿನಲ್ಲಿ ಎಣ್ಣೆ ಬಂದು ಮುಳ್ಳನ್ನು ತಳ್ಳುತ್ತದೆ. ಮುಳ್ಳು ಏಳಲಿಲ್ಲವೆಂದರೆ ಇಂಜಿನ್ನಿಗೆ ಕಷ್ಟಕಾಲ ಎಂದರ್ಥ. ಅಂದು ಮುಳ್ಳು ಠೀವಿಯಿಂದ ಎದ್ದಿತು. ಓಂಕಾರಪ್ಪನ ಮುಖ ಅರಳಿತು. ಅಷ್ಟರಲ್ಲಿ ಬಲಮಂಡಿಯ ಮೇಲೆ ಏನೋ ಬೆಚ್ಚಗೆ ಬಿತ್ತು.

ಎಣ್ಣೆಯ ತೊಟ್ಟು.

ಪೈಪು ಮೀಟರಿಗೆ ಸೇರುವ ಕಡೆ ಹುಣಸೆಬೀಜದ ಗಾತ್ರದ ಹಿತ್ತಾಳೆ ನಟ್ಟು ಇದೆ. ಅಲ್ಲಿಂದ ಇನ್ನೊಂದು ತೊಟ್ಟು ನಿಧಾನವಾಗಿ ಇಣುಕಿ ನೋಡುತ್ತಿತ್ತು. ಓಂಕಾರಪ್ಪ ಹೌಹಾರಿ ಮಂಡಿಯನ್ನೇ ಅದರ ಕೆಳಗೆ ಒಡ್ಡಿದ. ಇಂಜಿನ್ ಆರಿಸಿ ಇಳಿದರೆ, ಕಾಂಪೌಂಡಿನ ಮೇಲೆ ಮಾರಿಯಮ್ಮನ ಮುಖ.

"ಏನು ಸಾಮಿ ಅದು, ಪಂಚೆ ಮೇಲೆ?"

ಹೊಸ ಎಣ್ಣೆ, ಜೇನಿನ ಬಣ್ಣ. ಓಂಕಾರಪ್ಪ ಪಂಚೆ ನೋಡಿಕೊಂಡ.

"ಎಣ್ಣೆ," ಎಂದ. ಇಲ್ಲಿಯವರೆಗೆ ನಿಜ.

"ಎಣ್ಣೆನಾ! ಎಲ್ಲಿಂದ ಬಂತು?"

"ಮಂಡಿಗೆ… ಮಂಡಿ ನೋವು. ತೈಲ ಹಚ್ಕೊಂಡಿದ್ದೀನಿ."

ಇದೇ ಆ ಒಂದು ಸುಳ್ಳು.

ಮಾರಿಯಮ್ಮ ಒಳ್ಳೆಯ ಹೆಂಗಸು. ಗಣಿ ಕಾರ್ಮಿಕನ ವಿಧವೆ, ಆರು ಮಕ್ಕಳನ್ನು ಸಾಕಿದವಳು. ಆದರೆ ಇನ್ನೊಬ್ಬರ ನೋವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರಲು ಅವಳಿಗೆ ಆಗುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಬೀದಿಯ ಈ ತುದಿಯವರಿಗೆ ಓಂಕಾರಪ್ಪನ ಮಂಡಿ ನೋವೆಂದೂ, ಆ ತುದಿಯವರಿಗೆ ಮಂಡಿ ಬಾತಿದೆಯೆಂದೂ ತಿಳಿದಿತ್ತು.

ಇತ್ತ ಓಂಕಾರಪ್ಪ ರಿಪೇರಿಗೆ ಕೂತ. ಆತನ ಕೈ ಬುಲ್ಡೋಜರಿನ ಕೈ. ಸೋರಿದರೆ ಬಿಗಿ, ಮತ್ತೂ ಸೋರಿದರೆ ಸ್ಪ್ಯಾನರಿನ ಹಿಡಿಗೆ ಒಂದು ಮೊಳ ಕಬ್ಬಿಣದ ಕೊಳವೆ ಸಿಕ್ಕಿಸಿಕೊಂಡು, ಕಾಲು ಊರಿ ಬಿಗಿ. ಕಾರ್ಖಾನೆ ಕಲಿಸಿದ ಪಾಠ ಇದು. ಹುಣಸೆಬೀಜದ ನಟ್ಟಿನ ಮೇಲೆ ಆತ ಭಾನುವಾರ ಇದನ್ನೇ ಪ್ರಯೋಗಿಸಿದ. ಮೊದಲು ಆರತಿ ಹಾಡೊಂದು ಮುಗಿಯುವಷ್ಟರಲ್ಲಿ ಬೀಳುತ್ತಿದ್ದ ತೊಟ್ಟು ಈಗ ಒಮ್ಮೆ ಸೀನಿ ಇನ್ನೊಮ್ಮೆ ಸೀನುವುದರೊಳಗೆ ಬೀಳತೊಡಗಿತು. ಸೋಮವಾರ ಬಿಳಿ ಟೇಪು ಸುತ್ತಿ ಬಿಗಿದ. ಮಂಗಳವಾರ ನಲ್ಲಿಯವರು ಸುತ್ತುವ ಸೆಣಬಿನ ನಾರು ಸುತ್ತಿ ಬಿಗಿದ. ಬುಧವಾರ ಅದರ ಮೇಲೆ ಅಂಟು ಮೆತ್ತಿ, ಒಣಗಿಸಿ, ಬಿಗಿದ. ಬುಧವಾರ ಸಂಜೆ ಎಣ್ಣೆ ತೊಟ್ಟಿಕ್ಕುವುದನ್ನು ಬಿಟ್ಟು ದಾರವಾಗಿ ಇಳಿಯಿತು.

ಒಂದು ವಿಷಯದಲ್ಲಿ ಮಾತ್ರ ಆತ ಬಹಳ ಎಚ್ಚರದಿಂದಿದ್ದ. ಆಣೆ ಇಟ್ಟದ್ದು ನೆಲಕ್ಕೆ ಬಿದ್ದರೆ ಎಂದು. ಆದ್ದರಿಂದ ಇಂಜಿನ್ ಚಾಲೂ ಇರುವಷ್ಟು ಹೊತ್ತೂ ಮಂಡಿಯನ್ನು ಪೈಪಿನ ಕೆಳಗಿಂದ ಕದಲಿಸಲಿಲ್ಲ. ದಿನಕ್ಕೊಂದು ಪಂಚೆ ಹಾಳಾಯಿತು. ಒಗೆದರೂ ಹೋಗದ ಕಲೆ ಹೊತ್ತು ಅವು ಹಿತ್ತಲಿನ ತಂತಿಯ ಮೇಲೆ ಸಾಲಾಗಿ ತೂಗಿದವು. ಬೀದಿಯವರು ಅವನ್ನು ಎಣಿಸಿ ನಿಟ್ಟುಸಿರು ಬಿಟ್ಟರು. ಇಷ್ಟು ತೈಲ ಹಾಕಿದರೂ ವಾಸಿಯಾಗದ ಮಂಡಿ ಎಂಥ ಮಂಡಿ!

ಮಾರಿಯಮ್ಮ ಎಕ್ಕದ ಎಲೆ, ಉಪ್ಪಿನ ಬಿಸಿ ಗಂಟು ತಂದಳು. ಕಾರ್ಖಾನೆಯ ಹಳೆಯ ಸ್ಟೋರ್‌ಕೀಪರ್ ದೊಡ್ಡವೆಂಕಟಪ್ಪ ತನ್ನ ಮಂಡಿಪಟ್ಟಿಗಳೆರಡನ್ನೂ ಬಿಚ್ಚಿ ಕೊಟ್ಟು, ತಾನು ಗೋಡೆ ಹಿಡಿದುಕೊಂಡು ಮನೆಗೆ ಹೋದ.

"ಎಡಗಾಲಿಗೂ ಹಾಕ್ಕೊಳ್ಳಿ," ಎಂದು ತಿರುಗಿ ಹೇಳಿದ. "ಬಲಗಾಲು ಹೋದ ಮೇಲೆ ಅದೇನು ಉಳಿಯಲ್ಲ."

ಓಂಕಾರಪ್ಪ ಮರ್ಯಾದೆಗಾಗಿ ಸ್ವಲ್ಪ ಕುಂಟಿದ. ಕುಂಟುವಾಗ ಒಮ್ಮೊಮ್ಮೆ ಕಾಲು ಮರೆತುಹೋಗಿ ಎಡಗಾಲನ್ನು ಎಳೆಯುತ್ತಿದ್ದ. "ನೋಡಿ, ಇನ್ನೊಂದಕ್ಕೂ ಇಳೀತು," ಎಂದರು ಜನ.

ವಿಜಯಕುಮಾರ್ ಪ್ರತಿದಿನ ಬೆಳಿಗ್ಗೆ ಏಳಕ್ಕೆ ತನ್ನ ಸಾಮಾನು ಆಟೋ ತಂದು ಗೇಟಿನಲ್ಲಿ ನಿಲ್ಲಿಸಿ, ಶೆಡ್ಡಿನ ನೆಲವನ್ನು ಬಗ್ಗಿ ನೋಡಿ ಹೋಗುತ್ತಿದ್ದ. ಗುರುವಾರ ಅಳತೆಪಟ್ಟಿ ತಂದು ಕಾರಿನ ಉದ್ದ ಅಳೆದ.

"ಯಾಕಯ್ಯಾ ಅಳೀತಿದ್ದೀಯ?"

"ಸುಮ್ನೆ ಸಾರ್. ಮೂತಿ ಬಿಚ್ಚಿದ್ರೆ ನನ್ನ ಆಟೋದಲ್ಲಿ ಹಿಡೀತದಾ ಅಂತ."

ಅದೇ ಗುರುವಾರ ಮಧುಶ್ರೀ ನನಗೆ ಫೋನ್ ಮಾಡಿದಳು. ಅವಳು ಓಂಕಾರಪ್ಪನ ಒಬ್ಬಳೇ ಮಗಳು, ಬಂಗಾರಪೇಟೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಸುದ್ದಿ ಅವಳವರೆಗೆ ಬರುವಷ್ಟರಲ್ಲಿ ಬಲಿತಿತ್ತು.

"ಮಾವ, ಅಪ್ಪನಿಗೆ ಬಲಗಾಲು ಮಡಚೋಕೇ ಆಗಲ್ವಂತೆ! ನಿಮಗೆ ಗೊತ್ತಿತ್ತಾ?"

"ಇಲ್ಲಮ್ಮ. ಶುಕ್ರವಾರ ನಮಸ್ಕಾರ ಮಾಡಿ ತಾನೇ ಎದ್ದನಲ್ಲ."

"ಬ್ರೇಕ್ ಒತ್ತೋ ಕಾಲು ಮಾವ ಅದು! ಸೋಮವಾರ ಆ ಡಬ್ಬಾನ ರಸ್ತೆಗೆ ತಂದ್ರೆ ನಾನು ಅಡ್ಡ ಮಲಗ್ತೀನಿ, ನೋಡಿ. ಬೆಂಗಳೂರಲ್ಲಿ ಮೂಳೆ ಡಾಕ್ಟರ್ ಹತ್ರ ಸೋಮವಾರಕ್ಕೇ ಹೇಳಿಸಿದ್ದೀನಿ."

ಅಂದೇ ಹೋಗಿ ಕಾರಿನ ಕೀಲಿಕೈ ಕಿತ್ತುಕೊಂಡು ತನ್ನ ಕೈಚೀಲಕ್ಕೆ ಹಾಕಿಕೊಂಡಳು.

ಈಗ ಓಂಕಾರಪ್ಪನ ಸ್ಥಿತಿಯನ್ನು ಶಾಂತವಾಗಿ ಆಲೋಚಿಸಬೇಕು. ಮಂಡಿ ಚೆನ್ನಾಗಿದೆ ಎಂದರೆ, ಪಂಚೆಯ ಮೇಲಿನ ಎಣ್ಣೆ ಎಲ್ಲಿಯದು? ಎಣ್ಣೆ ಇಂಜಿನ್ನಿನದು ಎಂದರೆ ಕಾರು ಗುಜರಿಗೆ. ಇಲ್ಲ, ಮಂಡಿ ನೋವೇ ಎಂದರೆ ಸೋಮವಾರ ಬಂಗಾರಪೇಟೆಯ ಬದಲು ಬೆಂಗಳೂರಿನ ಆಸ್ಪತ್ರೆ, ಮತ್ತು ಕಾರಿಗೆ ಶಾಶ್ವತವಾಗಿ ಶೆಡ್ಡು. ಯಾವ ಕಡೆಯಿಂದ ನೋಡಿದರೂ ಉಮಾಳ ಸವಾರಿ ನಡೆಯುವಂತಿರಲಿಲ್ಲ. ಆತ ಎರಡು ಹೊತ್ತು ಊಟ ಬಿಟ್ಟ. ಮಾರಿಯಮ್ಮ ಅದನ್ನೂ ಮಂಡಿಯ ಲೆಕ್ಕಕ್ಕೆ ಸೇರಿಸಿ, ಬೆಂಗಳೂರಿನವರನ್ನು ನಂಬದೆ, ಕ್ಯಾಸಂಬಳ್ಳಿಗೆ ಬಸ್ಸು ಹತ್ತಿದಳು.

ಕ್ಯಾಸಂಬಳ್ಳಿಯ ಮುನಿಸ್ವಾಮಪ್ಪ ಮೂಳೆ ಕೂರಿಸುವುದರಲ್ಲಿ ಹೆಸರಾದವನು. ದನಕ್ಕೂ ಜನಕ್ಕೂ ಒಂದೇ ಕೈ. ಶನಿವಾರ ಬೆಳಿಗ್ಗೆ ಅವನು ಬಂದಾಗ ನಾನೂ ಮಧುಶ್ರೀಯೂ ಅಲ್ಲೇ ಇದ್ದೆವು. ಬೀದಿ ಕಾಂಪೌಂಡಿನ ಮೇಲಿತ್ತು. ವಿಜಯಕುಮಾರ್ ಗೇಟಿಗೆ ಒರಗಿದ್ದ.

"ಯಾವ ಕಾಲು ಸಾಮಿ?" ಎಂದ ಮುನಿಸ್ವಾಮಪ್ಪ.

"ಬಲಗಾಲು. ಆದ್ರೆ ಈಗ ಪರವಾಗಿಲ್ಲ, ನಿಜವಾಗ್ಲೂ—"

"ಎಲ್ಲಾ ಅಂಗೇ ಅಂತಾರೆ. ನೀಡ್ಕೊಳ್ಳಿ ಕಾಲ."

ಓಂಕಾರಪ್ಪ ಇನ್ನೊಂದು ಮಾತು ಆಡುವುದರೊಳಗೆ ಮುನಿಸ್ವಾಮಪ್ಪ ಪಾದವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮಂಡಿಯನ್ನು ಎರಡು ಕೈಯಲ್ಲಿ ಹಿಡಿದು, ಕ್ಯಾಸಂಬಳ್ಳಿಯ ದಿಕ್ಕಿಗೆ ಎಳೆದ. ಲಟಕ್ಕೆಂದು ಶಬ್ದ ಬಂತು. ಓಂಕಾರಪ್ಪನ ಕೂಗು ಉರಿಗಾಂ ಸ್ಟೇಷನ್ನಿಗೆ ಕೇಳಿಸಿರಬೇಕು.

"ನೋಡುದ್ರಾ? ಸಿಕ್ಕಾಕ್ಕೊಂಡಿತ್ತು. ಈಗ ಬುಟ್ಕೊಂತು. ಎದ್ದು ನಡೀರಿ ಸಾಮಿ."

ಓಂಕಾರಪ್ಪ ಎದ್ದ. ಎಂಟು ದಿನದಲ್ಲಿ ಮೊದಲ ಬಾರಿಗೆ ಸರಿಯಾದ ಕಾಲಿನಲ್ಲಿ, ನಿಜವಾಗಿ, ಕುಂಟಿದ.

"ಇದಕ್ಕೆ ಮುಂಚೆ ಏನು ತೈಲ ಹಾಕ್ತಿದ್ರಿ? ಅದ್ರ ಮ್ಯಾಲೆ ನಂದು ಹಾಕಬೇಕಲ್ಲ," ಎಂದ ಮುನಿಸ್ವಾಮಪ್ಪ.

ಮಾರಿಯಮ್ಮ ಓಡಿಹೋಗಿ ತಂತಿಯ ಮೇಲಿದ್ದ ಪಂಚೆಗಳನ್ನು ಬಾಚಿಕೊಂಡು ಬಂದಳು. ಮುನಿಸ್ವಾಮಪ್ಪ ಒಂದನ್ನು ಮೂಗಿಗೆ ಹಿಡಿದ. ಬೆರಳಿನಲ್ಲಿ ಉಜ್ಜಿದ. ಮತ್ತೆ ಮೂಸಿದ.

"ಇದ್ಯಾವ ತೈಲ ಸಾಮಿ? ನಮ್ ಟ್ರ್ಯಾಕ್ಟರ್ ವಾಸ್ನೆ ಬತ್ತೈತಲ್ಲ!"

ಗೇಟಿನ ಕಡೆಯಿಂದ ವಿಜಯಕುಮಾರನ ದನಿ, ಕಳೆದುಹೋದ ನಂಟನನ್ನು ಜಾತ್ರೆಯಲ್ಲಿ ಕಂಡವನ ದನಿ, ಬಂತು: "ಇಂಜಿನ್ ಆಯಿಲ್!"

ಓಂಕಾರಪ್ಪ ತಿಣ್ಣೆಯ ಮೇಲೆ ಕೂತ.

"ಹೌದು," ಎಂದ. "ಮೀಟರಿನ ಪೈಪು. ಪೂಜೆ ಮಾರನೇ ದಿನದಿಂದ ಸೋರ್ತಿದೆ."

"ಹಾಗಾದ್ರೆ ಮಂಡಿ?" ಎಂದಳು ಮಧುಶ್ರೀ.

"ಮಂಡಿ ಚೆನ್ನಾಗಿತ್ತಮ್ಮ. ಇವರು ಬರೋವರೆಗೂ."

ಮಧುಶ್ರೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಅವಳ ತಾಯಿಗೂ ಅದೇ ಅಭ್ಯಾಸವಿತ್ತು. ದೊಡ್ಡವೆಂಕಟಪ್ಪ ಕಾಂಪೌಂಡಿನ ಮೇಲಿಂದ ಕೈ ನೀಡಿ, "ಹಾಗಾದ್ರೆ ನನ್ನ ಪಟ್ಟಿ ಕೊಟ್ಬಿಡಿ," ಎಂದ. ವಿಜಯಕುಮಾರ್ ಆಗಲೇ ಆಟೋದಿಂದ ಹಗ್ಗ ತೆಗೆದು ಕಾರಿನ ಮುಂಭಾಗಕ್ಕೆ ಕಟ್ಟುತ್ತಿದ್ದ.

"ಕರ್ಪೂರದಾಣೆ ಸಾರ್. ಮೇಷ್ಟ್ರು ತಟ್ಟೆ ಹಿಡಿದಿದ್ರು. ಕೇಳಿ ಅವರನ್ನೇ."

ಎಲ್ಲರೂ ನನ್ನ ಕಡೆ ತಿರುಗಿದರು. ಕಾರು ನನ್ನ ತಂಗಿ ಮೂರು ವರ್ಷ ಪಕ್ಕದಲ್ಲಿ ಕೂತು ಮಾಡಿಸಿದ್ದು. ಆದರೆ ದಿನವೂ ದೇವರ ಮುಂದೆ ಕೂರುವವನು ಕರ್ಪೂರದ ಮಾತನ್ನು ಮರೆತೆ ಎನ್ನುವುದು ಹೇಗೆ?

"ಆಣೆ ಇಟ್ಟದ್ದು ನಿಜ," ಎಂದೆ.

"ಮೇಷ್ಟ್ರೇ, ಪೂರಾ ಹೇಳಿ," ಎಂದಳು ಮಾರಿಯಮ್ಮ. "ಮಕ್ಕಳಿಗೆ ಪಾಠ ಒಪ್ಪಿಸ್ಕೊಳ್ತೀರಲ್ಲ, ಅಂಗೆ. ಒಂದು ಅಕ್ಷರ ಬಿಡಬಾರದು."

ನಾನು ಕಣ್ಣು ಮುಚ್ಚಿ ಒಪ್ಪಿಸಿದೆ. "ಇಂಜಿನ್ನಿನ ಒಂದೇ ಒಂದು ತೊಟ್ಟು ಎಣ್ಣೆ ನೆಲಕ್ಕೆ ಬಿದ್ರೂ—"

"ನಿಲ್ಲಿ! ನೆಲಕ್ಕೆ!" ಮಾರಿಯಮ್ಮ ಪಂಚೆಗಳ ಕಟ್ಟನ್ನು ವಿಜಯಕುಮಾರನ ಮುಖದ ಮುಂದೆ ಹಿಡಿದಳು. "ಏನಪ್ಪಾ, ಇದು ನೆಲಾನಾ? ಆರು ಪಂಚೆ ಅದೆ. ಒಂದೊಂದೂ ನೋಡು. ನೆಲ ಎಲ್ಲದೆ ತೋರಿಸು!"

ವಿಜಯಕುಮಾರ್ ಹಗ್ಗ ಬಿಟ್ಟು ಕಾರಿನ ಕೆಳಗೆ ತೆವಳಿದ. ಸಿಮೆಂಟು ನೆಲವನ್ನು ಅಂಗುಲ ಅಂಗುಲ ಹುಡುಕಿದ. ಮೂಸಿದ. ಒಂದು ಕಡೆ ಕಪ್ಪಗಿದೆ ಎಂದು ಆಸೆಯಿಂದ ಕೈಯಿಟ್ಟರೆ ಅದು ಜಿರಳೆಯಾಗಿ ಓಡಿಹೋಯಿತು. ಹೊರಗೆ ಬಂದಾಗ ಅವನ ಮುಖ ಬಾಡಿತ್ತು.

"ಸರಿ ಸಾರ್. ಬಿದ್ದಿಲ್ಲ. ಆದ್ರೆ ಬಂಗಾರಪೇಟೆ ಇನ್ನೂ ಬಂದಿಲ್ಲ. ಸೋಮವಾರ ನಾನೂ ಹಿಂದೇನೇ ಬರ್ತೀನಿ. ರಸ್ತೆ ನೋಡ್ಕೊಂಡೇ ಬರ್ತೀನಿ."

ಮಧುಶ್ರೀ ಕೈಚೀಲದಿಂದ ಕೀಲಿಕೈ ತೆಗೆದು ಅಪ್ಪನ ಮುಂದೆ ಇಟ್ಟಳು. "ಸೋರೋದು ನಿಂತ್ರೆ ಮಾತ್ರ ಅಪ್ಪ. ಮಂಡಿ ಒಡ್ಕೊಂಡು ಗಾಡಿ ಓಡಿಸೋಹಾಗಿಲ್ಲ."

ಭಾನುವಾರ ಬೆಳಿಗ್ಗೆ ಮುನಿಸ್ವಾಮಪ್ಪ ಬಂದು ಕಾಲನ್ನು ಇನ್ನೊಂದು ದಿಕ್ಕಿಗೆ ಎಳೆದು, ತಾನು ಕೆಡಿಸಿದ್ದನ್ನು ತಾನೇ ಸರಿಮಾಡಿದ. ನಾನು ಪೂಜೆ ಮುಗಿಸಿ ಶೆಡ್ಡಿಗೆ ಹೋದಾಗ ಓಂಕಾರಪ್ಪ ಸ್ಪ್ಯಾನರಿಗೆ ಮೊದಲಿಗಿಂತ ಉದ್ದವಾದ ಕೊಳವೆ ಸಿಕ್ಕಿಸುತ್ತಿದ್ದ.

"ಓಂಕಾರಪ್ಪ, ಪುಸ್ತಕ ಎಲ್ಲಿದೆ?" ಎಂದೆ.

"ಇದೆ."

"ತೆಗಿ."

ಆತ ಬಟ್ಟೆಯಿಂದ ಸ್ಪ್ಯಾನರನ್ನು ಒರೆಸಿದ. ಬಹಳ ಹೊತ್ತು ಒರೆಸಿದ. ಅದು ಮೊದಲೇ ಚೊಕ್ಕಟವಾಗಿತ್ತು. ಆಮೇಲೆ ಮೊರದ ಹಿಂದಿನಿಂದ ಹಳದಿ ಬಟ್ಟೆಯ ಚೀಲವೊಂದನ್ನು ತೆಗೆದು ನನ್ನ ಕೈಗಿಟ್ಟ.

"ನೀವೇ ಓದಿ," ಎಂದ.

ಗುರುತಿಗೆಂದು ಇಟ್ಟಿದ್ದ ಅವರೆಕಾಯಿ ಸಿಪ್ಪೆ ಒಣಗಿ ನೂರ ತೊಂಬತ್ತೆಂಟನೆಯ ಪುಟದಲ್ಲೇ ಇತ್ತು. ಪುಟ ತಿರುಗಿಸಿದೆ. ಅಂಚಿನಲ್ಲಿ ಪೆನ್ಸಿಲಿನ ಕನ್ನಡ ಅಕ್ಷರ. ಮುಂದಿನ ಪುಟದಲ್ಲೂ ಇತ್ತು. ಅದರ ಮುಂದಿನದರಲ್ಲೂ. ಸಂಜೆ ಹೇಳುವುದನ್ನು ಅವಳು ಮೊದಲೇ ಓದಿ ಬರೆದಿಟ್ಟುಕೊಳ್ಳುತ್ತಿದ್ದಳೆಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಪುಸ್ತಕವನ್ನು ಕೊನೆಯವರೆಗೆ ಓದಿ ಮುಗಿಸಿದ್ದಳು.

ಇನ್ನೂರ ಮೂರನೆಯ ಪುಟವನ್ನು ಗಟ್ಟಿಯಾಗಿ ಓದಿದೆ.

"ಮೀಟರಿನ ಪೈಪು. ನಟ್ಟನ್ನು ಬೆರಳಿನಿಂದಲೇ ತಿರುಗಿಸಬೇಕು. ಅದು ನಿಂತ ಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು ಮಾತ್ರ. ಹೆಚ್ಚು ಬಿಗಿದರೆ ಒಳಗಿನ ಹಿತ್ತಾಳೆ ಉಂಗುರ ಜಜ್ಜಿ ಸೋರುತ್ತದೆ. ಇವರು ಬುಲ್ಡೋಜರ್ ಅಂದುಕೊಂಡು ಬಿಗಿಯುತ್ತಾರೆ. ಸ್ಪ್ಯಾನರನ್ನು ಕೈಯಿಂದ ಕಿತ್ತುಕೊಳ್ಳುವುದು. ಆದರೂ ಒಂದನ್ನು ಕೆಡಿಸಿಯೇ ಕೆಡಿಸುತ್ತಾರೆ. ಹೆಚ್ಚಿನ ಉಂಗುರ ಎರಡು, ಮೆಂತ್ಯದ ಡಬ್ಬಿಯಲ್ಲಿ."

ನಾನು ಕನ್ನಡಕ ತೆಗೆದು ಒರೆಸಿದೆ. ಶೆಡ್ಡಿನಲ್ಲಿ ಎಣ್ಣೆ ಎಲ್ಲೆಲ್ಲಿಗೋ ಸಿಡಿಯುತ್ತದೆ.

ಮೆಂತ್ಯದ ಡಬ್ಬಿಯನ್ನು ಒಂದು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಮಾರಿಯಮ್ಮ ಅದನ್ನು ಮೊರಕ್ಕೆ ಸುರಿದು ಕೇರಿದಳು. ಮೆಂತ್ಯ ಒಂದು ಕಡೆ ಹೋಯಿತು. ಮಗುವಿನ ಕಿವಿಯ ಓಲೆಯಷ್ಟು ಸಣ್ಣ ಹಿತ್ತಾಳೆ ಉಂಗುರಗಳೆರಡು ಮೊರದ ತುದಿಯಲ್ಲಿ ಉಳಿದವು.

ಹಳೆಯ ನಟ್ಟನ್ನು ಬಿಚ್ಚಿದರೆ ಒಳಗಿನ ಉಂಗುರ ಚಪ್ಪಟೆಯಾಗಿ ಬಿರಿದಿತ್ತು; ಪೈಪಿನ ತುದಿಯೂ ಅಮುಕಿಕೊಂಡಿತ್ತು. ಪುಣ್ಯಕ್ಕೆ ಪೈಪಿನಲ್ಲಿ ಒಂದು ಸುತ್ತು ಹೆಚ್ಚಿಗೆ ಬಿಟ್ಟಿದ್ದರು. ಓಂಕಾರಪ್ಪ ಕೆಟ್ಟ ತುದಿಯನ್ನು ಒಂದು ಬೆರಳಗಲ ಕತ್ತರಿಸಿ, ಟೇಪು ನಾರು ಅಂಟುಗಳನ್ನೆಲ್ಲ ಕೆರೆದು, ಹೊಸ ಉಂಗುರ ತೂರಿಸಿ, ನಟ್ಟನ್ನು ಬೆರಳಿನಿಂದ ತಿರುಗಿಸಿದ. ಆ ದಪ್ಪ ಬೆರಳು ಅಷ್ಟು ಮೆಲ್ಲಗೆ ತಿರುಗುವುದನ್ನು ನಾನು ನೋಡಿರಲಿಲ್ಲ. ಸ್ಪ್ಯಾನರಿನಿಂದ ಕಾಲು ಸುತ್ತು. ಅಲ್ಲಿಗೆ ನಿಲ್ಲದೆ ಆತನ ಭುಜ ಇನ್ನೂ ಸ್ವಲ್ಪ ಮುಂದಕ್ಕೆ ಬಾಗಿತು. ನಾನು ಸ್ಪ್ಯಾನರನ್ನು ಕಿತ್ತುಕೊಂಡೆ. ಪುಸ್ತಕದಲ್ಲಿ ಹಾಗೇ ಇತ್ತು.

ಇಂಜಿನ್ ಚಾಲೂ ಮಾಡಿ, ಪೈಪಿನ ಕೆಳಗೆ ನನ್ನ ಬಿಳಿಯ ಅಂಗವಸ್ತ್ರ ಹಾಸಿ, ನೂರೆಂಟು ಸಲ ಪಂಚಾಕ್ಷರಿ ಜಪಿಸಿದೆ. ಮುಳ್ಳು ಎದ್ದು ನಿಂತಿತ್ತು. ವಸ್ತ್ರ ಬೆಳ್ಳಗಿತ್ತು. ಓಂಕಾರಪ್ಪನಿಗೆ ನಂಬಿಕೆ ಬಾರದೆ ಇನ್ನೊಂದು ನೂರೆಂಟು ಮಾಡಿಸಿದ.

"ಇನ್ನೇನಾದ್ರೂ ಬರೆದಿದ್ದಾಳಾ ನೋಡಿ ಭಾವ," ಎಂದ ಆಮೇಲೆ.

ಕೊನೆಯ ಪುಟ ತೆಗೆದು ಓದಿದೆ: "ಮೊದಲ ಸವಾರಿ ಮುಗಿದ ಮೇಲೆ ಇಂಜಿನ್ ಒಂದು ಗಂಟೆ ತಣ್ಣಗಾಗಬೇಕು. ಅಷ್ಟರಲ್ಲಿ ಅಣ್ಣನ ಮನೆಯಲ್ಲಿ ಕಾಫಿ." ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಅದು ರಿಪೇರಿಗೆ ಸಂಬಂಧಪಟ್ಟದ್ದಲ್ಲವಾದ್ದರಿಂದ ನಾನು ಓದಲಿಲ್ಲ. ಪುಸ್ತಕ ಮುಚ್ಚಿದೆ.

ಸೋಮವಾರ ಬೆಳಿಗ್ಗೆ ಹೊರಟೆವು. ಓಂಕಾರಪ್ಪ ಹೊಸ ಪಂಚೆ ಉಟ್ಟಿದ್ದ, ಹಳೆಯದು ಉಳಿದಿರಲಿಲ್ಲ. ನಾನು ಪಕ್ಕದಲ್ಲಿ, ತೊಡೆಯ ಮೇಲೆ ಪುಸ್ತಕ. ಹಿಂದೆ ವಿಜಯಕುಮಾರನ ಆಟೋ. ಅದರ ಹಿಂಬದಿಯಲ್ಲಿ ಮಾರಿಯಮ್ಮ, ಮಧುಶ್ರೀ, ಮತ್ತು ತಾನು ಸರಿಮಾಡಿದ ಮಂಡಿ ದಾರಿಯಲ್ಲಿ ಹೇಗಿರುವುದೋ ಎಂದು ಮುನಿಸ್ವಾಮಪ್ಪ. ವಿಜಯಕುಮಾರ್ ಕತ್ತನ್ನು ಪೂರ್ತಿ ಹೊರಗೆ ಚಾಚಿ ರಸ್ತೆಯನ್ನು ನೋಡುತ್ತಾ ಆಟೋ ಓಡಿಸುತ್ತಿದ್ದ. ಬಂಗಾರಪೇಟೆ ಇನ್ನೂ ಸ್ವಲ್ಪ ದೂರವಿರುವಾಗ ಪೊಲೀಸಿನವನೊಬ್ಬ ಕೈ ಅಡ್ಡ ಮಾಡಿದ.

"ಯಾವ ಕಂಪನಿ ಸಾರ್ ಇದು?"

"ಮನೇಲಿ ಮಾಡಿದ್ದು," ಎಂದ ಓಂಕಾರಪ್ಪ.

ಆತ ಕಾರಿನ ಮೂತಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಕಾಗದ ನೋಡಿದ. ಅದರಲ್ಲಿ ತಪ್ಪು ಸಿಗಲಿಲ್ಲ. ಅದು ಉಮಾ ಮಾಡಿಸಿದ ಕಾಗದ. ಆಮೇಲೆ ಹಿಂದಿನ ಆಟೋ ಕಡೆ ತಿರುಗಿ ಗದರಿದ. "ಏಯ್, ಕತ್ತು ಒಳಗೆ ಹಾಕ್ಕೊಳಯ್ಯಾ! ಮೂರು ಜನಾನ ಸಾಮಾನು ಥರ ತುಂಬ್ಕೊಂಡು ನೆಲ ನೋಡ್ಕೊಂಡು ಬರ್ತೀಯಾ? ಏನು ಬೀಳಿಸ್ಕೊಂಡಿದ್ದೀಯ?"

"ಇನ್ನೂ ಬಿದ್ದಿಲ್ಲ ಸಾರ್," ಎಂದ ವಿಜಯಕುಮಾರ್ ದುಃಖದಿಂದ.

ಕಾರು ನನ್ನ ಮನೆಯ ಮುಂದೆ ನಿಂತಿತು. ಓಂಕಾರಪ್ಪ ಇಂಜಿನ್ ಆರಿಸಿ ಪಂಚೆಯ ಬಲಮಂಡಿ ನೋಡಿಕೊಂಡ. ಹಾಲಿನಂತೆ ಬೆಳ್ಳಗಿತ್ತು. ನಾನು ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿ, ನನ್ನ ಕೈಯಾರೆ ಕಾಫಿ ಮಾಡಿ ತಂದೆ. ಎಲ್ಲರೂ ಕಾರಿನ ಸುತ್ತಲೇ ನಿಂತು ಕುಡಿದರು. ಓಂಕಾರಪ್ಪ ಲೋಟವನ್ನು ಕಾರಿನ ಮೂತಿಯ ಮೇಲಿಟ್ಟು, ಎಡಗಡೆಯ ಸೀಟನ್ನು ಬಟ್ಟೆಯಿಂದ ಒರೆಸುತ್ತಿದ್ದ.

"ತೊಟ್ಟು!" ಎಂದು ಕಾರಿನ ಕೆಳಗಿನಿಂದ ಕೂಗು ಬಂತು. "ಸಾರ್! ಇಲ್ಲಿ! ಒಂದು ತೊಟ್ಟು ಬಿದ್ದದೆ!"

ವಿಜಯಕುಮಾರ್ ಹೊಟ್ಟೆಯ ಮೇಲೆ ಮಲಗಿ ಬೆರಳು ತೋರಿಸುತ್ತಿದ್ದ. ನೆಲದ ಮೇಲೆ, ಮೂತಿಯ ಕೆಳಗೆ, ಕಂದು ಬಣ್ಣದ ತೊಟ್ಟೊಂದು ಹೊಳೆಯುತ್ತಿತ್ತು. ಓಂಕಾರಪ್ಪನ ಕೈಯ ಬಟ್ಟೆ ಕೆಳಗೆ ಬಿತ್ತು. ಮಧುಶ್ರೀ ನನ್ನ ತೋಳು ಹಿಡಿದುಕೊಂಡಳು. ನಾನು ಮನಸ್ಸಿನಲ್ಲೇ ಶಿವನನ್ನು ನೆನೆದೆ.

ಮಾರಿಯಮ್ಮ ನಿಧಾನವಾಗಿ ಕೂತು, ತೊಟ್ಟಿಗೆ ಬೆರಳಿಟ್ಟಳು. ಮೂಸಿದಳು. ಆಮೇಲೆ ನಾಲಿಗೆಗೆ ಹಚ್ಚಿಕೊಂಡಳು.

"ಕಾಫಿ," ಎಂದಳು. ಇನ್ನೊಂದು ಸಲ ಚಪ್ಪರಿಸಿದಳು. "ಸಕ್ಕರೆ ಜಾಸ್ತಿ."

ಎಲ್ಲರೂ ನಕ್ಕರು. ವಿಜಯಕುಮಾರನೂ ಮಲಗಿದಲ್ಲೇ ನಕ್ಕು, ಕಾರು ಸಿಗದಿದ್ದರೆ ಪಾನಿಪೂರಿಯಾದರೂ ಕೊಡಿಸಿ ಎಂದ. ನಗದೆ ಇದ್ದವನು ಓಂಕಾರಪ್ಪ ಒಬ್ಬನೇ. ಆತ ನನ್ನನ್ನೇ ನೋಡುತ್ತಿದ್ದ.

"ಭಾವ, ಕೊನೇ ಪುಟದಲ್ಲಿ ಕೆಳಗೆ ಇನ್ನೊಂದು ಸಾಲಿತ್ತಲ್ಲ. ನಿನ್ನೆ ನೀವು ಓದ್ಲಿಲ್ಲ. ಏನದು?"

ನಾನು ಪುಸ್ತಕ ತೆರೆದು, ಮೂವತ್ತೆಂಟು ವರ್ಷ ತರಗತಿಯಲ್ಲಿ ಓದಿದ ದನಿಯಲ್ಲಿ, ಕೊನೆಯ ಬೆಂಚಿಗೂ ಕೇಳುವಂತೆ ಓದಿದೆ:

"ಅಣ್ಣ ಸಕ್ಕರೆ ಜಾಸ್ತಿ ಹಾಕುತ್ತಾನೆ. ಹೇಳಿದರೆ ಒಪ್ಪುವುದಿಲ್ಲ. ಚೆನ್ನಾಗಿದೆ ಎಂದು ಕುಡಿದುಬಿಡಿ."

ಓಂಕಾರಪ್ಪ ಮೂತಿಯ ಮೇಲಿದ್ದ ಲೋಟ ತೆಗೆದುಕೊಂಡ. ಒಂದೇ ಉಸಿರಿಗೆ ಕುಡಿದು, ಮೀಸೆ ಒರೆಸಿಕೊಂಡ.

"ಚೆನ್ನಾಗಿದೆ ಭಾವ," ಎಂದ.

ಅದು ಆತನ ಎರಡನೆಯ ಸುಳ್ಳು ಎಂದು ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ.